ಕುಂಕುಮದ ಬೊಟ್ಟು ತಿರುಗಿತ್ತು

ಇದು ಸುಳ್ಳಾಗಿದ್ದರೆ ನನ್ನ ಮಾನ ಉಳಿಯುತ್ತಿತ್ತು. ದೋಣಿ ದಿನಾ ಎಷ್ಟು ಸಲ ಹೊಳೆ ದಾಟಿತು, ಎಷ್ಟು ಡೀಸೆಲ್ ಹೋಯಿತು ಎಂದು ತಾರೀಕು ಹಾಕಿ ಬರೆದಿಡುವವನು ನಾನು. ಏನೋ ತಪ್ಪು ನೆನಪು ಎಂದು ಜಾರಿಕೊಳ್ಳುವಂತೆಯೂ ಇಲ್ಲ.

ಮಳವಳ್ಳಿ ಕಡೆಯ ಕಾವೇರಿ ದಡದಲ್ಲಿ ಚಿಕ್ಕಪ್ಪನದೊಂದು ದೋಣಿಯಿದೆ. ಅದರ ಎಂಜಿನ್ ನನಗಿಂತ ಹಳೆಯದು. ಕಳೆದ ಕಬ್ಬಿನ ಕಟಾವಿನ ಹೊತ್ತಿಗೆ ಚಿಕ್ಕಪ್ಪನ ಬಲಗೈ ಮುರಿದಿತ್ತು. ಡೀಸೆಲ್ ಫಿಲ್ಟರ್ ಬದಲಾಯಿಸುವ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಕಬ್ಬು ಕಡಿಯುವ ಹೆಂಗಸರು, ಮಕ್ಕಳು ಆಚೆ ದಡಕ್ಕೆ ಹೋಗಬೇಕಿತ್ತು.

ಸಂಜೆ ಚಿಕ್ಕಪ್ಪ ದಡದಲ್ಲೇ ಕೂತು ಹೇಳಿದ. "ಮೊದ್ಲು ಟ್ಯಾಂಕಿನ ನಲ್ಲಿ ಮುಚ್ಚು. ಬೀಡಿ ಸೇದೋರ್ನ ಅತ್ರ ಬುಡಬ್ಯಾಡ. ಅಳೇ ಫಿಲ್ಟರಿನ ರಬ್ಬರ್ ರಿಂಗು ಎಂಜಿನ್ನಿಗೇ ಅಂಟ್ಕಂಡಿರ್ತದೆ, ಬೆರಳಾಕಿ ನೋಡ್ಲಾ. ಅದ್ರ ಮೇಲೆ ಇನ್ನೊಂದು ಕೂತ್ರೆ ಡೀಸೆಲ್ ಚಿಮ್ಮಿ ಬಿಸಿ ಸೈಲೆನ್ಸರ್ ಮೇಲೆ ಬೀಳ್ತದೆ. ನಡು ಹೊಳೇಲಿ ಬೆಂಕಿ ಅತ್ಕಂಡ್ರೆ ಎಲ್ಲಿಗ್ಲಾ ಓಡೀಯೆ?"

"ಎಷ್ಟು ಸಲ ಯೋಳೀಯೆ ಚಿಕ್ಕಪ್ಪ, ನಾನೇನು ಕೂಸಾ?"

"ಕೂಸಾಗಿದ್ರೆ ಯೋಳ್ದಂಗೆ ಕೇಳ್ತಿದ್ದೆ."

ಹೊಸ ಫಿಲ್ಟರ್‌ಗೆ ಡೀಸೆಲ್ ತುಂಬಿ ಕೈಯಲ್ಲೇ ಬಿಗಿ ಮಾಡಿದೆ. ಪೈಪಿನಲ್ಲಿ ಸೇರಿದ ಗಾಳಿ ತೆಗೆದು, ಚೆಲ್ಲಿದ್ದನ್ನು ಒರೆಸಿದೆ. ಎಂಜಿನ್‌ಗೆ ಹೊಸದೇನು ಹಾಕಿದರೂ ನಾವು ಕುಂಕುಮ ಇಡುತ್ತೇವೆ. ಇಟ್ಟ ಮೇಲೆ ಬೆಳಗಾಗುವವರೆಗೆ ಬಿಚ್ಚುವಂತಿಲ್ಲ. ಫಿಲ್ಟರ್ ಮೇಲೆ ನನ್ನ ಕಡೆಗೆ ಕಾಣುವಂತೆ ಬೊಟ್ಟಿಟ್ಟು ಮನೆಗೆ ಬಂದೆ.

ಊಟಕ್ಕೆ ಕೂತಾಗ ಹೊಳೆಯಿತು. ಕಳಚಿದ ಹಳೆ ಫಿಲ್ಟರ್‌ನಲ್ಲಿ ರಿಂಗು ಇರಲೇ ಇಲ್ಲ… ನಾನು ಬೆರಳು ಹಾಕಿ ನೋಡಿರಲೂ ಇಲ್ಲ.

ಕುಂಕುಮ ಇಟ್ಟಾಗಿದೆ, ಈಗ ಬಿಚ್ಚಬಾರದು ಎಂದು ನೆಪ ಹೇಳಿಕೊಂಡೆ. ನಿದ್ದೆ ಹತ್ತಲಿಲ್ಲ. ಟಾರ್ಚ್ ಹಿಡಿದು ದಡಕ್ಕೆ ಹೋದೆ.

ದೋಣಿಯೊಳಗೆ ಕಿರ್… ಕಿರ್… ಫಿಲ್ಟರ್ ತಿರುಗುವ ಸದ್ದು. ಹಸಿ ಡೀಸೆಲ್ ವಾಸನೆ. ಬೆಳಕಿಲ್ಲ.

"ಚಿಕ್ಕಪ್ಪಾ…" ಎಂದು ಪಿಸುಗುಟ್ಟಿದೆ.

ಸದ್ದು ನಿಂತಿತು. ಕೇಳಿಸಿಕೊಳ್ಳಲೆಂದೇ ನಿಂತಂತೆ.

ಓಡಿಬಂದೆ. ಮನೆಯಲ್ಲಿ ಚಿಕ್ಕಪ್ಪ ಕಟ್ಟು ಹಾಕಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿ ಹೇಳಲು ನಾಚಿಕೆಯಾಯಿತು.

ಬೆಳಿಗ್ಗೆ ನಾನು ದಡ ಸೇರುವಷ್ಟರಲ್ಲಿ ದೋಣಿ ತುಂಬಿತ್ತು, ಚಿಕ್ಕಪ್ಪ ಯಾರಿಂದಲೋ ಚಾಲೂ ಮಾಡಿಸಿ ಎಂಜಿನ್ ಓಡುತ್ತಿತ್ತು. ಅಷ್ಟು ಜನರೆದುರು 'ಇಳೀರಿ' ಎನ್ನಲು ಬಾಯಿ ಬರಲಿಲ್ಲ. ಹತ್ತಿ, ಬಗ್ಗಿ ನೋಡಿದೆ. ಒಂದು ಹನಿಯೂ ಸೋರುತ್ತಿರಲಿಲ್ಲ. ರಿಂಗು ಒಂದೇ ಉಳಿದರೆ ಫಿಲ್ಟರ್ ಇನ್ನಷ್ಟು ಒಳಕ್ಕೆ ತಿರುಗುತ್ತದೆ. ನನ್ನ ಬೊಟ್ಟು ಹಿಂಬದಿಗೆ ಹೋಗಿತ್ತು. ಹಲಗೆಯ ಮೇಲೆ, ಚಪ್ಪಟೆಯಾದ ಹಳೆ ರಿಂಗು.

"ಕೈ ಕುದುರ್ತು ಕಣ್ಲಾ ನಿಂಗೆ," ಎಂದ ಚಿಕ್ಕಪ್ಪ.

ರಾತ್ರಿ ದಡದ ಗುಡಿಸಲಲ್ಲೇ ಉಳಿದಿದ್ದ ಹೆಂಗಸೊಬ್ಬಳು ಮಡಿಲ ಕೂಸನ್ನು ತಟ್ಟುತ್ತಾ ನಕ್ಕಳು. "ಕುದುರ್ದೆ ಏನು? ಸರಿರಾತ್ರೀಲಿ ದೀಪನೂ ಇಲ್ದೆ ಕುಂತು ಮಾಡ್ತಿದ್ನಲ್ಲ. ಕೂಗುದ್ರೂ ತಿರುಗ್ನಿಲ್ಲ. ನೀನೇ ತಾನೆ ಮಗಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಹೂಂ," ಎಂದೆ.

ಆ ಕೆಲಸ ಮಾಡಿದವರೂ ನನ್ನ 'ಹೂಂ' ಕೇಳಿಸಿಕೊಂಡರೋ ಏನೋ… ಕತ್ತಲಾದ ಮೇಲೆ ಈಗಲೂ ದೋಣಿಯ ಕಡೆ ತಲೆಯೆತ್ತಿ ನೋಡಲಾರೆ. ಅಲ್ಲಿಂದ ಯಾರಾದರೂ ಕರೆದರೆ, ಯಾವ ಮುಖ ಹೊತ್ತು ಓಗೊಡಲಿ?