ಉಸ್ತಾದರ ನಿಧಾನ

ಜೀವಮಾನದಲ್ಲಿ ನಾನು ಗೆದ್ದಿರುವುದು ಒಂದೇ ಹೊಡೆದಾಟ. ಎದುರಾಳಿಗೆ ಎಪ್ಪತ್ತೆಂಟು ವರ್ಷ. ಅದೂ ಅವರು ಬೋರಲು ಮಲಗಿದ್ದಾಗ, ಹಿಂದಿನಿಂದ. ಅವರು ನನಗೆ ಕುಸ್ತಿ ಕಲಿಸಿದ ಉಸ್ತಾದರು.

ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಅವರ ಎರಡೂ ಕಿವಿ ಒಣಗಿದ ಅಂಜೂರದಂತೆ ಮುದುಡಿದ್ದವು. ಒಂದು ಕಾಲಕ್ಕೆ ಎದುರಿನವನು ಉಸಿರೆಳೆಯುವಷ್ಟರಲ್ಲಿ ಪಟ್ಟು ಹಾಕುತ್ತಿದ್ದರಂತೆ. ನಮ್ಮ ಕಾಲಕ್ಕೆ ಒಂದು ಕಟ್ಟು ದಂಟಿನ ಸೊಪ್ಪು ಆರಿಸಲು ಕಾಲು ಗಂಟೆ. ನಮ್ಮ ಹೆಸರುಗಳೆಲ್ಲ ಅದಲುಬದಲು. ಏನು ಕೇಳಿದರೂ "ತಡಿಯೋ, ಯೋಚ್ನೆ ಮಾಡ್ತಿದೀನಿ" ಎನ್ನುತ್ತಿದ್ದರು. "ಬಫರಿಂಗ್ ಆಗ್ತಿದೆ ಗುರು" ಎಂದು ನಾನು ಅವರ ಬೆನ್ನ ಹಿಂದೆ ಎಲ್ಲರನ್ನೂ ನಗಿಸುತ್ತಿದ್ದೆ.

ಆ ಭಾನುವಾರ ಬೆಳಿಗ್ಗೆ ಗೋವಿಂದರಾಜನಗರದ ನಮ್ಮ ಗರಡಿಯಿಂದ ಹೊರಬಂದರೆ, ಯಾರೋ ನನ್ನ ಕಪ್ಪು ಬೈಕಿಗೆ ಕೀ ಹಾಕುತ್ತಿದ್ದಾನೆ! "ಕಳ್ಳ! ಹಿಡೀರೋ!" ಎಂದು ಕಿರುಚಿದೆ. ಬೀದಿಗೆ ಬೀದಿಯೇ ಬಂತು. ಒಬ್ಬ ಹೆಲ್ಮೆಟ್ಟಿನಿಂದ ಮುಖಕ್ಕೆ ಬಾರಿಸಿದ, ಇನ್ನೊಬ್ಬ ಹೊಟ್ಟೆಗೆ ಒದ್ದು ನೆಲಕ್ಕೆ ಕೆಡವಿದ. ಹಲ್ಲೊಂದು ಹಾರಿ ನನ್ನ ಚಪ್ಪಲಿಯ ಪಕ್ಕ ಬಿತ್ತು. "ನನ್ ಗಾಡಿ ಅಣ್ಣಾ" ಎನ್ನುತ್ತಿದ್ದ ಅವನು, ಬಾಯಿ ತುಂಬ ರಕ್ತ. ನಾನು ದೊಣ್ಣೆ ಎತ್ತಿಕೊಂಡೆ.

ಉಸ್ತಾದರು ಬಂದು ನಿಂತರು.

"ನಂಬರ್ ನೋಡಿದ್ಯೇನೋ?"

"ಸೈಡಿಗೆ ಹೋಗಿ ಉಸ್ತಾದ್ರೇ, ನಿಮಗಿದೆಲ್ಲ ಅರ್ಥ ಆಗಲ್ಲ!"

"ಮಗಾ, ತಾತನ್ನ ಆಚೆ ಕರ್ಕೊಂಡ್ ಹೋಗೋ," ಯಾರೋ ನಕ್ಕರು.

ಅವರು ಹಣೆ ಉಜ್ಜಿಕೊಂಡರು. ಅವನನ್ನು ನೋಡಿದರು, ನಮ್ಮನ್ನು ನೋಡಿದರು. ಆಮೇಲೆ ಮೆಲ್ಲಗೆ ಮಂಡಿಯೂರಿ, ಅವನ ಮೇಲೆ ಉದ್ದಕ್ಕೆ ಬೋರಲಾಗಿ ಮಲಗಿಬಿಟ್ಟರು. ಅಷ್ಟರಲ್ಲಿ ನನ್ನ ದೊಣ್ಣೆ ಇಳಿದಾಗಿತ್ತು. ಅವರ ಪಕ್ಕೆಲುಬು ಲಟ್ಟೆಂದ ಸದ್ದಿಗೆ ಬೀದಿಯೆಲ್ಲ ಹಿಂದೆ ಸರಿಯಿತು.

ಆಗ ನಂಬರ್ ನೋಡಿದೆ. ಅದು ನನ್ನ ಬೈಕಲ್ಲ. ನನ್ನದು ಹಿಂದಿನ ದಿನದಿಂದ ಬಸವೇಶ್ವರನಗರದ ಬೇಕರಿಯೊಂದರ ಮುಂದೆ ನಿಂತಿತ್ತು. ಪಫ್ಸ್ ತಿಂದು, ಬೈಕ್ ಮರೆತು, ಗೆಳೆಯನ ಗಾಡಿಯಲ್ಲಿ ಮನೆಗೆ ಹೋಗಿ, ಬೆಳಿಗ್ಗೆ ಗರಡಿಗೆ ನಡೆದೇ ಬಂದಿದ್ದ ಮಹಾಮೇಧಾವಿ ನಾನು. ವಯಸ್ಸು ಇಪ್ಪತ್ತಮೂರು.

ಆ ಮನುಷ್ಯ ಎರಡು ಹಲ್ಲು ಕಳೆದುಕೊಂಡು ಬದುಕಿದ. ಸ್ಟೇಷನ್ನಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಉಸ್ತಾದರ ಮೂಳೆ ಕೂಡಿತು. ಹೋದ ವರ್ಷ, ನಿದ್ದೆಯಲ್ಲೇ ತೀರಿಕೊಂಡರು.

ಅಂದು ಆಸ್ಪತ್ರೆಯಲ್ಲಿ ಅವರ ಕಾಲು ಹಿಡಿದು ಕೇಳಿದ್ದೆ: "ಅವನು ಕಳ್ಳ ಅಲ್ಲ ಅಂತ ನಿಮಗೆ ಹೆಂಗ್ ಗೊತ್ತಾಯ್ತು?"

"ಎಲ್ಲಿ ಗೊತ್ತಿತ್ತೋ? ಇನ್ನೂ ಯೋಚ್ನೆ ಮಾಡ್ತಿದ್ದೆ. ನಂದು ಈಗ ತಡ ಆಗ್ತದೆ ಕಣೋ. ಅಲ್ಲೀವರೆಗೂ ಅವ್ನು ಉಸಿರಾಡ್ತಾ ಇರ್ಬೇಕಲ್ಲ, ಅದಕ್ಕೇ ಮಲ್ಕೊಂಡೆ."