ಹದಿನೈದು ದಿನದ ಹರಕೆ

ಮದ್ದೂರು ಬಳಿಯ ಕೊಪ್ಪದಲ್ಲಿರುವ ನನ್ನ ಅಕ್ಕನ ಮನೆಯ ಕಾಫಿಪುಡಿ ಡಬ್ಬಿಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಚಮಚವಿದೆ. ಪ್ರೋಟೀನ್ ಪುಡಿಯ ಡಬ್ಬಿಯೊಳಗೆ ಹುದುಗಿಸಿ ಕೊಡುತ್ತಾರಲ್ಲ, ಆ ಅಳತೆಯ ಚಮಚ. ಕಳೆದ ಭಾನುವಾರ ಅಕ್ಕ ಅದರಲ್ಲಿ ಪುಡಿ ಅಳೆದು ಕುದಿಯುವ ನೀರಿಗೆ ಹಾಕುತ್ತಿದ್ದಾಗ, ಬಾಗಿಲ ಬಳಿ ಕುಳಿತಿದ್ದ ಪಕ್ಕದ ಮನೆಯ ಸಾಕಮ್ಮ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಮೇಷ್ಟ್ರೇ, ಆವತ್ತು ಅರಕೆ ಕಟ್ಕಂಡು ನೀವು ಅರ್ಧ ಆಗೋದ್ರಿ. ನಮ್ ಸೊಸೆಗೂ ಸಕ್ರೆ ಕಾಯ್ಲೆ, ಮೈಯೂ ಜಾಸ್ತಿ. ಅವ್ಳಿಗೂ ಅದ್ನೇ ಕಟ್ಟುಸ್ಬೇಕು. ಎಂಗ್ ಮಾಡುದ್ರಿ, ಸರ್ಯಾಗ್ ಯೋಳಿ."

ಒಲೆಯ ಕಡೆ ಮುಖ ಮಾಡಿದ್ದ ಅಕ್ಕ ಈ ಕಡೆ ತಿರುಗಲಿಲ್ಲ. ನಿಜ ಏನೆಂದು ಅವಳಿಗೆ ಗೊತ್ತು, ಹೇಳಬೇಕಾದವನು ಮಾತ್ರ ನಾನು. ಸಾಕಮ್ಮನಿಗೆ ಉತ್ತರ ಕೊಡುವ ಮೊದಲು ನಿಮಗೆ ಹೇಳಿಬಿಡುತ್ತೇನೆ. ಗುರುತಿಲ್ಲದವರ ಮುಂದೆ ನಾಚಿಕೆಪಡುವುದು ಸ್ವಲ್ಪ ಸುಲಭ.

ನಾನು ಮಂಡ್ಯದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಎರಡು ವರ್ಷದ ಹಿಂದೆ ನನ್ನ ತೂಕ ನೂರ ಮೂವತ್ತೆಂಟು ಕೆ.ಜಿ. ನಗು ಬಂದರೆ ನಕ್ಕುಬಿಡಿ, ನನಗೆ ಅಭ್ಯಾಸವಿದೆ. ಮಕ್ಕಳನ್ನು ಮೈದಾನ ಸುತ್ತಲು ಬಿಟ್ಟು ನಾನು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ವಿಷಲ್ ಊದುತ್ತಿದ್ದೆ. ಅಷ್ಟು ಊದುವುದಕ್ಕೇ ಏದುಸಿರು ಬರುತ್ತಿತ್ತು. ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ, ಅದರ ಬೆನ್ನಿಗೆ ಬಿ.ಪಿ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆಂದು ಮೂಗಿಗೆ ಕಟ್ಟಿಕೊಳ್ಳಲು ಒಂದು ಯಂತ್ರ ಬೇರೆ.

ಹೊಟ್ಟೆಯನ್ನೇ ಚಿಕ್ಕದು ಮಾಡುವ ಆಪರೇಷನ್ ಇದೆ, ಮಾಡಿಸಿಕೊಳ್ಳಿ ಅಂದರು ಡಾಕ್ಟರು. ಹೂಂ ಅಂದ ತಕ್ಷಣ ಆಗುವ ಕೆಲಸವಲ್ಲ ಅದು. ಹೃದಯ ನೋಡಿದರು, ಗಂಟಲಲ್ಲಿ ಪೈಪು ಇಳಿಸಿ ನೋಡಿದರು, ಸಕ್ಕರೆ ಹತೋಟಿಗೆ ಬರುವ ತನಕ ದಿನ ಕೊಡಲ್ಲ ಅಂದರು. ನಾಲ್ಕು ತಿಂಗಳು ಅಲೆದ ಮೇಲೆ ದಿನ ಸಿಕ್ಕಿತು. ಅದಕ್ಕೆ ಮುಂಚಿನ ಹದಿನೈದು ದಿನ ಗಟ್ಟಿ ಆಹಾರ ಮುಟ್ಟುವಂತಿಲ್ಲ: ಮಜ್ಜಿಗೆ, ಬೇಳೆಕಟ್ಟು, ಪ್ರೋಟೀನ್ ಪುಡಿ ಕದಡಿದ ನೀರು. ಲಿವರ್ ಕುಗ್ಗಬೇಕಂತೆ. ಡಾಕ್ಟರು ಇನ್ಸುಲಿನ್ನನ್ನು ಅರ್ಧಕ್ಕಿಂತ ಕಡಿಮೆ ಮಾಡಿ, ಬೆರಳೆತ್ತಿ ಹೇಳಿದರು: "ಊಟ ಬಿಟ್ಟು ಔಷಧ ಮಾತ್ರ ಮೊದಲಿನಷ್ಟೇ ತಗೊಂಡ್ರೆ ಸಕ್ಕರೆ ಇಳಿದು ಬಿದ್ದೋಗ್ತೀರಿ. ಜೀವಕ್ಕೇ ಅಪಾಯ. ನೆನಪಿರಲಿ."

ನನಗೆ ಚೆನ್ನಾಗಿಯೇ ನೆನಪಿತ್ತು. ನೆನಪಿದ್ದೂ ಬಾಯಿಬಿಡದಿದ್ದದ್ದೇ ನನ್ನ ತಪ್ಪು.

ಆಪರೇಷನ್ ವಿಷಯ ನನ್ನ ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಬಾಯಿ ಕಟ್ಟಲಾರದೆ ಹೊಟ್ಟೆ ಕೊಯ್ಸಿಕೊಂಡ ಪಿ.ಟಿ. ಮೇಷ್ಟ್ರು ಅನ್ನುವ ಮಾತು ಮದ್ದೂರಿಂದ ಮಳವಳ್ಳಿವರೆಗಿನ ನೆಂಟರ ಬಾಯಲ್ಲಿ ಓಡಾಡುವುದು ಆಗಲೇ ಕಿವಿಗೆ ಬಿದ್ದಂತಾಗುತ್ತಿತ್ತು. ಬೇರೆ ಯಾವ ಆಪರೇಷನ್ನಿಗೂ ಈ ನಾಚಿಕೆಯಿಲ್ಲ ನೋಡಿ. ಭಾವನ ತಮ್ಮನೊಬ್ಬ ಕಿಡ್ನಿ ಕಲ್ಲು ತೆಗೆಸಿ, ಅದನ್ನು ಕುಂಕುಮದ ಭರಣಿಯಲ್ಲಿಟ್ಟು ಮನೆಗೆ ಬಂದವರಿಗೆಲ್ಲ ತೋರಿಸುತ್ತಾನೆ.

ಮಜ್ಜಿಗೆಯ ಮೂರನೆಯ ದಿನವೇ ಅಕ್ಕನ ಮೊಮ್ಮಗಳ ಕಿವಿ ಚುಚ್ಚುವ ಶಾಸ್ತ್ರ, ಬಾಡೂಟ. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ನನ್ನ ತೂಕದಲ್ಲಿ ಅರ್ಧ ಅವಳ ಕೈಯಡುಗೆಯದೇ. ನಾಲ್ಕು ಮುದ್ದೆ ಉಣ್ಣುವವನೆಂಬ ಹೆಸರು ನನಗೆ ಆ ಊರಿನಲ್ಲಿತ್ತು, ನನ್ನ ಪಕ್ಕ ಕೂತು ಉಣ್ಣಲು ಜನ ಕಾಯುತ್ತಿದ್ದರು. ಅಕ್ಕ ಮುದ್ದೆ ತಂದಳು. ನಾನು ಎಲೆಗೆ ಕೈ ಅಡ್ಡ ಹಿಡಿದೆ.

"ಯಾಕ್ಲಾ? ನನ್ ಮನೆ ಊಟ ಬ್ಯಾಡ್ವಾ?"

ಪಂಕ್ತಿಯೆಲ್ಲ ನನ್ನನ್ನೇ ನೋಡುತ್ತಿತ್ತು. ನಾನು ಅಂದೆ: "ಅರಕೆ ಕಟ್ಕಂಡಿವ್ನಿ ಕಣಕ್ಕ. ವೈದ್ಯನಾಥಪುರದ ಸ್ವಾಮಿಗೆ. ಕಾಯ್ಲೆ ವಾಸಿ ಆಗ್ಲಿ ಅಂತ ಅದಿನೈದ್ ದಿನ ಬರೀ ಮಜ್ಗೆ."

ಎಷ್ಟು ಸಲೀಸಾಗಿ ಬಂತು ಅಂತೀರಿ! ಅಕ್ಕ ಮುದ್ದೆ ಹಿಡಿದ ಕೈ ಹಿಂದಕ್ಕೆಳೆದುಕೊಂಡಳು. "ಮೊದ್ಲೇ ಯೋಳ್ಬಾರ್ದಾ, ಬಾಡಿನ್ ಪಂಕ್ತೀಲಿ ಕೂರುಸ್ಬುಟ್ನಲ್ಲ" ಅಂತ ನೊಂದುಕೊಂಡು, ನನ್ನನ್ನು ಎಬ್ಬಿಸಿ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದಳು. ಸಾಕಮ್ಮ ತೊಳೆದ ತಂಬಿಗೆಯಲ್ಲಿ ಮಜ್ಜಿಗೆ ತಂದುಕೊಟ್ಟು ಕೈಮುಗಿದಳು. ನಾಲ್ಕು ಮುದ್ದೆಯವನಿಗೆ ಎಂದೂ ಸಿಗದ ಮರ್ಯಾದೆ ಅವತ್ತು ಸಿಕ್ಕಿತು. ಹೇಳಲು ಮುಜುಗರವಾಗುತ್ತದೆ, ಆ ಮಜ್ಜಿಗೆಯನ್ನು ನಾನು ಸುಖವಾಗಿ ಕುಡಿದೆ.

ಆರು ದಿನ ಕಳೆಯಿತು. ಬೆಳಿಗ್ಗೆ ಅಕ್ಕನ ಸೊಸೆಯ ಫೋನು: "ಮಾವ, ಅತ್ತೆ ಕೊಟ್ಟಿಗೇಲಿ ಬಿದ್ದೋದ್ರು. ಮಾತಿಲ್ಲ. ಮದ್ದೂರಿಗೆ ಕರ್ಕೊಂಡ್ ಬತ್ತಾ ಇವ್ನಿ."

ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಅಕ್ಕ ಕಣ್ಣು ಬಿಟ್ಟಿದ್ದಳು. ಕೈಗೆ ಗ್ಲೂಕೋಸು ಹಾಕಿದ್ದರು. "ಊಟ ಬಿಟ್ಟು ಶುಗರ್ ಮಾತ್ರೆ ನುಂಗು ಅಂತ ಯಾರಮ್ಮ ಹೇಳಿದ್ದು? ಇನ್ನರ್ಧ ಗಂಟೆ ತಡ ಆಗಿದ್ರೆ ಏನ್ ಗತಿ?" ಅಂತ ಡಾಕ್ಟರು ರೇಗುತ್ತಿದ್ದರು. ಅಕ್ಕ ಒಮ್ಮೆ ನನ್ನ ಕಡೆ ನೋಡಿ, "ಯಾರೂ ಯೋಳ್ಲಿಲ್ಲ, ನಾನೇ ಬುಟ್ಟಿದ್ದು" ಅಂದಳು.

ಅವರು ಹೋದ ಮೇಲೆ ನನ್ನ ಕೈ ಹಿಡಿದುಕೊಂಡಳು. "ನೀನೊಬ್ನೇ ಕಟ್ಕಂಡ್ರೆ ಸಾಕಾ ಮಗ? ನಾನೂ ಜೊತೇಲಿರಾನ ಅಂತ ಅವತ್ತಿಂದ್ಲೇ ಬರೀ ಮಜ್ಗೆ ಇಡ್ದೆ. ಇವತ್ತು ಕೊಟ್ಟಿಗೇಲಿ ಆಲು ಕರಿಯಾಕೆ ಕುಂತೆ, ಕಣ್ ಕತ್ಲೆ ಬಂದ್ಬುಡ್ತು."

ಅವಳಿಗೂ ನನ್ನದೇ ಕಾಯಿಲೆ. ಯಾವ ಔಷಧ ಇಳಿಸಬೇಕು, ಇಳಿಸದಿದ್ದರೆ ಏನಾಗುತ್ತದೆ ಅನ್ನುವುದೆಲ್ಲ ನನ್ನ ಫೈಲಿನಲ್ಲಿ ಬರೆದಿತ್ತು, ಆ ಫೈಲನ್ನು ನಾನು ಬೀರುವಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದೆ. ಅಳು ಬಂತು. ಅಳುತ್ತಲೇ ಎಲ್ಲವನ್ನೂ ಹೇಳಿದೆ.

ಅಕ್ಕ ದಿಂಬಿನಿಂದ ತಲೆ ಎತ್ತಿ ಕೇಳಿದಳು: "ಅಂಗಾರೆ ಸ್ವಾಮಿಗೆ ಏನೂ ಯೋಳ್ಕಂಡೇ ಇರ್ನಿಲ್ವಾ?"

"ಇಲ್ಲ ಕಣಕ್ಕ."

"ಕಾಯ್ಲೆಗೆ ಕೊಯ್ಸ್ಕಳಾಕೆ ನಾಚ್ಕೆ. ದೇವ್ರೆಸ್ರಲ್ಲಿ ಸುಳ್ಳಾಡಾಕೆ ಇಲ್ಲ." ಕೈ ಬಿಡಿಸಿಕೊಳ್ಳಲಿಲ್ಲ. "ನಾನ್ ಯೋಳ್ಕಂಡಿದ್ದು ದಿಟ ಕಣ್ಲಾ. ನೀನು ಉಸಾರಾದ್ರೆ ಜೀವ ಇರೋಗಂಟ ಬೆಲ್ಲ ಮುಟ್ಟಲ್ಲ ಅಂತ."

ಬೆಲ್ಲದ ಕಾಫಿ ಇಲ್ಲದೆ ಅಕ್ಕ ಬೆಳಿಗ್ಗೆ ಸಗಣಿ ಬಾಚಲೂ ಏಳುತ್ತಿರಲಿಲ್ಲ. ಎಷ್ಟು ಡಾಕ್ಟರು ಹೇಳಿದ್ದರು, ಅವಳ ಮಗ ಜಗಳವಾಡಿದ್ದ, ಬಿಟ್ಟಿರಲಿಲ್ಲ. ನನ್ನ ಜೀವಕ್ಕಾಗಿ ನಾನು ಒಂದು ಮದ್ದೂರು ವಡೆಯನ್ನೂ ಬಿಟ್ಟವನಲ್ಲ. ನನಗಾಗಿ ಅವಳು ಬೆಲ್ಲ ಬಿಟ್ಟಿದ್ದಳು.

"ಆಪ್ರೇಸನ್ ಮಾಡುಸ್ಕೊ, ವೋಗು" ಅಂದಳು ಕೊನೆಗೆ. "ನನ್ ಬಾಯಿಂದ ಯಾರ್ಗೂ ಬರಕಿಲ್ಲ. ಯೋಳಾದಾದ್ರೆ ನೀನೇ ಯೋಳು."

ಮಾಡಿಸಿಕೊಂಡೆ. ಈಗ ಎಂಬತ್ತೊಂಬತ್ತು ಕೆ.ಜಿ., ಇನ್ಸುಲಿನ್ ಇಲ್ಲ. ಪ್ರೋಟೀನ್ ಡಬ್ಬಿ ಖಾಲಿಯಾದಾಗ, ನನ್ನನ್ನು ನೋಡಲು ಬಂದಿದ್ದ ಅಕ್ಕ ಚಮಚ ಚೆನ್ನಾಗಿದೆಯೆಂದು ತೆಗೆದುಕೊಂಡು ಹೋದಳು. ಮಂಡ್ಯದಲ್ಲಿ ಯಾರಾದರೂ ಕೇಳಿದರೆ ವಾಕಿಂಗ್ ಅನ್ನುತ್ತೇನೆ. ಕೊಪ್ಪದಲ್ಲಿ ಎರಡು ವರ್ಷ ಯಾರೂ ಕೇಳಿರಲೇ ಇಲ್ಲ, ಅವರಿಗೆ ಹರಕೆಯ ಕತೆ ಗೊತ್ತಿತ್ತಲ್ಲ.

ಈಗ ಸಾಕಮ್ಮ ಕಾಯುತ್ತಿದ್ದಳು. ಅವಳ ಸೊಸೆ ಬೇಲಿಯಾಚೆ ಬಟ್ಟೆ ಹಿಂಡುತ್ತಿರುವುದು ಕಾಣುತ್ತಿತ್ತು.

"ಅರಕೆ ಅಲ್ಲ ಸಾಕಮ್ಮ" ಅಂದೆ. "ಅವತ್ತು ಸುಳ್ ಯೋಳಿದ್ದೆ. ಒಟ್ಟೆ ಆಪ್ರೇಸನ್ ಮಾಡುಸ್ಕಂಡೆ, ಅದುಕ್ಕೇ ಇಳುದ್ನಿ. ನಿಮ್ ಸೊಸೆನ ಉಪಾಸ ಕೂರುಸ್ಬ್ಯಾಡಿ, ಡಾಕ್ಟ್ರತ್ರ ಕರ್ಕೊಂಡೋಗಿ."

ಇದನ್ನು ಹೇಳಿದರೆ ಎದೆ ಹಗುರಾಗುತ್ತದೆಂದು ಎರಡು ವರ್ಷದಿಂದ ಅಂದುಕೊಂಡಿದ್ದೆ. ಸಾಕಮ್ಮ ಬಾಯಿಗೆ ಸೆರಗು ಹಿಡಿದಳು.

"ಅಯ್ಯೋ ಮೇಷ್ಟ್ರೇ, ನಾನು ಇನ್ನೂ ಮೂರ್ ಮನೇಲಿ ಇದೇ ಅರಕೆ ಕಟ್ಕಳಿ ಅಂತ ಯೋಳ್ಬುಟ್ಟಿವ್ನಲ್ಲ."

ಅಕ್ಕ ಲೋಟಗಳನ್ನು ತಂದಳು. ಸಾಕಮ್ಮನದಕ್ಕೆ ಬೆಲ್ಲ ಹಾಕಿದ್ದಳು. ನನ್ನದು ಡಾಕ್ಟರ ಮಾತಿಗೆ ಸಪ್ಪೆ, ಅಕ್ಕನದು ಹರಕೆಗೆ ಸಪ್ಪೆ.

"ಕುಡುದ್ಬುಟ್ ಏಳ್ಲಾ" ಅಂದಳು. "ಮೂರ್ ಮನೆಗೂ ವೋಗ್ಬೇಕು."

ನಾನು ಕುಡಿದು, ಲೋಟ ತೊಳೆದಿಟ್ಟು, ಸಾಕಮ್ಮನ ಹಿಂದೆ ಹೊರಟೆ.