ಅಕ್ಕ ಉಜ್ಜಿದ ಇಂಜಿನ್ ಮುಚ್ಚಳ

ಚಿಮಿಣಿ ಎಣ್ಣೆಯಲ್ಲಿ ನೆನೆದ, ಲೋಹ ಉಜ್ಜುವ ಎಮ್ರಿ ಕಾಗದದ ವಾಸನೆ ಮೊನ್ನೆ ನಮ್ಮ ದೇರೆಬೈಲಿನ ಮನೆಯಲ್ಲಿ ಬಂತು. ಮೊಮ್ಮಗ ಜಗಲಿಯಲ್ಲಿ ಕೂತು ಯಾವುದೋ ಹಳೆ ಬೈಕಿನ ಅಲ್ಯುಮಿನಿಯಂ ಮುಚ್ಚಳ ಉಜ್ಜುತ್ತಿದ್ದ. ಅವನಿಗೆ ಅದು ಶೋಕಿ. ನನಗೆ ಸಣ್ಣಂದಿನಲ್ಲಿ ನಾವಿದ್ದ ಉರ್ವದ ಆಚೆಮನೆ ಅಕ್ಕನ ನೆನಪಾಯಿತು.

ಎರಡನೇ ಮಹಾಯುದ್ಧದ ಕಾಲ ಅದು. ನನಗೆ ಹತ್ತೋ ಹನ್ನೊಂದೋ ವರ್ಷ. ಶಾಲೆ ಎರಡನೇ ಕ್ಲಾಸಿಗೇ ಮುಗಿದಿತ್ತು, ಹಗಲಿಡೀ ಅಕ್ಕನ ಮನೆಯಲ್ಲೇ ಇರುತ್ತಿದ್ದೆ. ಅವಳ ಗಂಡನನ್ನು ಭಾವ ಅಂತ ಕರೆಯುತ್ತಿದ್ದೆ. ಭಾವ ಒಂದು ಗ್ಯಾರೇಜಿನಲ್ಲಿ ಮೋಟಾರು ಸೈಕಲಿನ ಭಾಗಗಳಿಗೆ ಪಾಲಿಶ್ ಮಾಡುವವರು. ಮೆಷಿನು ಇಲ್ಲ, ಕೈಯಲ್ಲೇ ಉಜ್ಜಿ ಕನ್ನಡಿ ಮಾಡಬೇಕು. ಒಂದು ದಿನ ಗ್ಯಾರೇಜಿಗೆ ಬಂದ ಬಸ್ಸು ಸ್ಟಾರ್ಟ್ ಮಾಡಲಿಕ್ಕೆ ಹ್ಯಾಂಡಲ್ ತಿರುಗಿಸುವಾಗ ಅದು ವಾಪಸು ಹೊಡೆದು ಬಲಗೈ ಮಣಿಗಂಟು ಮುರಿಯಿತು. ಮೂಳೆ ಕೂಡಿತು, ಬಲ ಬರಲಿಲ್ಲ. ಅದು ಗ್ಯಾರೇಜಿನ ಧಣಿಗೆ ಗೊತ್ತಾದರೆ ಕೆಲಸ ಹೋಯಿತು. ಹಾಗಾಗಿ "ಮನೆಯಲ್ಲಿ ನಿಧಾನ ಮಾಡಿ ತರ್ತೇನೆ" ಅಂತ ಹೇಳಿ ಭಾಗಗಳನ್ನು ಗೋಣಿಯಲ್ಲಿ ತರುತ್ತಿದ್ದರು. ಉಜ್ಜುತ್ತಿದ್ದದ್ದು ಅಕ್ಕ.

ಅವಳು ಉಜ್ಜಿದ ಮೊದಲ ಇಂಜಿನ್ ಮುಚ್ಚಳ ಎಷ್ಟು ಹೊಳೆಯುತ್ತಿತ್ತೆಂದರೆ... ನಾನು ಅದರಲ್ಲಿ ಹಲ್ಲು ನೋಡಿಕೊಂಡೆ. ಅದನ್ನು ಗ್ಯಾರೇಜಿಗೆ ಒಯ್ದ ಭಾವ ಸಂಜೆ ಮುಖ ಸಣ್ಣ ಮಾಡಿಕೊಂಡು ಬಂದರು. ಧಣಿ ಅದನ್ನು ಬಿಸಿಲಿಗೆ ಹಿಡಿದು ನೋಡಿದರಂತೆ. ಇಡೀ ಉರುಟು ಉರುಟು ಗೆರೆ, ಬಳೆಯ ಹಾಗೆ.

"ಎಂತ ಮಾರಾಯ, ಹೆಂಗಸರು ಪಾತ್ರೆ ತಿಕ್ಕಿದ ಹಾಗೆ ಉಂಟಲ್ಲ ಇದು? ಇನ್ನೊಮ್ಮೆ ಹೀಗೆ ತಂದರೆ ನೀನು ಬರುವುದು ಬೇಡ" ಅಂದರಂತೆ.

ಒರಟು ಕಾಗದದಲ್ಲಿ ಒಂದೇ ದಿಕ್ಕಿಗೆ ನೇರ ಉಜ್ಜಬೇಕು. ಆಮೇಲೆ ನಯದ್ದರಲ್ಲಿ ಅಡ್ಡಕ್ಕೆ, ಮೊದಲಿನ ಗೆರೆ ಪೂರ್ತಿ ಹೋಗುವವರೆಗೆ. ಭಾವ ಹೇಳಿಕೊಟ್ಟರು. ಹೇಳುವುದು ಸುಲಭ. ಸಣ್ಣಂದಿನಿಂದ ಚೆಂಬು, ಕೊಡಪಾನ ತಿಕ್ಕಿದ ಕೈ ಅದು. ನಾಲ್ಕು ಸಲ ನೇರ ಹೋಗುತ್ತದೆ, ಐದನೆಯದಕ್ಕೆ ತಿರುಗಿಯೇ ಬಿಡುತ್ತದೆ.

ಭಾವನ ಮುರಿದ ಕೈಗೆ ಕಟ್ಟಿದ್ದ ಬಿದಿರಿನ ಸೀಳು ಮೂಲೆಯಲ್ಲಿ ಬಿದ್ದಿತ್ತು. ಅಕ್ಕ ಅದನ್ನು ತಂದು ನನಗೆ ಕೊಟ್ಟು, ಕಟ್ಟು ಅಂತ ತನ್ನ ಬಲಗೈ ಚಾಚಿದಳು. ಮಣಿಗಂಟು ಆಡದಿದ್ದರೆ ಕೈ ತಿರುಗುವುದಿಲ್ಲ ಅಂತ ಅವಳ ಲೆಕ್ಕ.

"ಈಗ ಗಂಡ ಹೆಂಡತಿ ಇಬ್ಬರದೂ ಮುರಿದ ಹಾಗಾಯ್ತು" ಅಂದೆ.

"ಬಾಯಿ ಮುಚ್ಚಿ ಬಿಗಿ ಕಟ್ಟು."

ಚರ್ಮ ಸುಲಿಯಿತು. ಅವಳು ಬಿಡಲಿಲ್ಲ. ಮುಂದಿನ ಮುಚ್ಚಳವನ್ನು ಧಣಿ ಬಿಸಿಲಿಗೆ ಹಿಡಿದು ಎಂತದೂ ಹೇಳಲಿಲ್ಲವಂತೆ. ಅವರು ಹೊಗಳುವುದೇ ಹಾಗೆ. ಮೂರು ವರ್ಷ ಆ ಮನೆಯ ಗಂಜಿ ಬೆಂದದ್ದು ಅದರಲ್ಲಿ.

ಆಮೇಲೆ ಭಾವ ಜ್ವರ ಬಂದು ಎಂಟೇ ದಿನಕ್ಕೆ ಸತ್ತರು. ಧಣಿ ಮನೆಗೆ ಬಂದು "ಅಂಥ ಕೈ ಇನ್ನು ಸಿಗುವುದಿಲ್ಲ" ಅಂದರು. ನನಗೆ ತಡೆಯಲಿಲ್ಲ.

"ಉಜ್ಜಿದ್ದು ಅಕ್ಕ" ಅಂದೆ.

ಸಣ್ಣ ಹುಡುಗಿಯ ಮಾತು ಅಂತ ಧಣಿ ನನ್ನ ತಲೆ ಸವರಿದರು. ಅಕ್ಕ ನೆಲ ನೋಡುತ್ತಾ ನಿಂತಿದ್ದಳು, ಹೌದು ಅನ್ನಲಿಲ್ಲ. ಅವರು ಹೋದ ಮೇಲೆ ನಾನು ಜಗಳಕ್ಕೇ ನಿಂತೆ.

"ಸತ್ತವರನ್ನು ಕಳ್ಳ ಮಾಡ್ಬೇಕಾ?" ಅಂದಳು. ಅಷ್ಟೇ.

ಕೆಲಸ ಬರುವುದು ನಿಂತಿತು. ಅವಳು ಗೇರುಬೀಜದ ಕಾರ್ಖಾನೆಗೆ ಹೋದಳು. ಸಿಪ್ಪೆಯ ಎಣ್ಣೆಗೆ ಬೆರಳೆಲ್ಲ ಸುಟ್ಟು ಕಪ್ಪಾದವು... ನಾನು ಮದುವೆಯಾಗಿ ವಾಮಂಜೂರಿಗೆ ಹೋದೆ. ಅವಳು ಸತ್ತದ್ದು ನನಗೆ ಗೊತ್ತಾದದ್ದು ತಿಂಗಳು ಕಳೆದ ಮೇಲೆ.

ಧಣಿಯೂ ಹೋದರು, ಆ ಗ್ಯಾರೇಜೂ ಇಲ್ಲ. ಈಗ ನಾನು ಉಜ್ಜಿದ್ದು ಅಕ್ಕ ಅಂತ ಯಾರ ಎದುರೂ ಹೇಳಬಹುದು, ಭಾವನನ್ನು ಕಳ್ಳ ಅನ್ನಲಿಕ್ಕೆ ಯಾರೂ ಉಳಿದಿಲ್ಲ. ಆದರೆ ಕೇಳಬೇಕಾದವಳೂ ಇಲ್ಲ.